ಹೊರಗಡೆ ಕಟ್ಟಿಸೋ ಬೆಂಚಿಗೆ ಯಾವ ಫಿನಿಶ್ ಜಾಸ್ತಿ ದಿನ ಬಾಳಿಕೆ ಬರುತ್ತೆ?

ಗೋಡೆಗೆ ಸೇರಿಸಿ ಇಟ್ಟಿಗೇಲಿ ಬೆಂಚ್ ಕಟ್ಟಿಸ್ತಿದೀರ, ಮೇಲೆ ಸೂರಿಲ್ಲ, ರೆಡ್ ಆಕ್ಸೈಡ್ ಹಾಕಿಸ್ಲಾ ಟೈಲ್ಸಾ ಇಲ್ಲ ಎಪಾಕ್ಸಿ (ಗಟ್ಟಿ ಪದರ ಕಟ್ಟೋ ರೆಸಿನ್ ಕೋಟಿಂಗ್) ಹೊಡೆಸ್ಲಾ ಅಂತ ಕೇಳಿದೀರ. ನಾನಾದ್ರೆ ಕೂರೋ ಜಾಗಕ್ಕೆ ಲೆದರ್ ಫಿನಿಶ್ (ಹೊಳಪಿಲ್ಲದ, ಸ್ವಲ್ಪ ತರಿತರಿ ಮೇಲ್ಮೈಯ) ಗ್ರಾನೈಟ್ ಹಾಕಿಸ್ತೀನಿ, ಪಕ್ಕಗಳಿಗೆ ಪ್ಲಾಸ್ಟರ್ ಮಾಡಿಸಿ ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಗೆ ಹೊಡೆಯೋ ನೀರಲ್ಲಿ ಬೆರೆಯೋ ಪೇಂಟ್) ಸಾಕು.

ಎಪಾಕ್ಸಿ ಮಾತ್ರ ದಯವಿಟ್ಟು ಬೇಡ. ಒಳಗಡೆ ನೆಲಕ್ಕೆ ಅದು ಒಳ್ಳೇದೇ, ಆದ್ರೆ ಬಿಸಿಲಿನ ಯುವಿ ಕಿರಣಕ್ಕೆ ಹಳದಿ ತಿರುಗಿ ಮೇಲೆಲ್ಲಾ ಪುಡಿಪುಡಿ ಆಗುತ್ತೆ, ಜೊತೆಗೆ ಇಟ್ಟಿಗೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಸಿಗದೆ ಪದರ ಗುಳ್ಳೆ ಎದ್ದು ಕಿತ್ಕೊಂಡು ಬರುತ್ತೆ. ಟೈಲ್ಸ್ ತಪ್ಪಲ್ಲ, ಆದ್ರೆ ಜಾಯಿಂಟ್ ಜಾಸ್ತಿ, ಅಂಚು ಒಡೆಯುತ್ತೆ. ಗ್ರಾನೈಟ್ ಆದಷ್ಟು ಒಂದೇ ಸ್ಲ್ಯಾಬ್ ತಗೊಳ್ಳಿ, ಕಪ್ಪು ಬಣ್ಣ ಬೇಡ, ಮಧ್ಯಾಹ್ನದ ಬಿಸಿಲಿಗೆ ಅದರ ಮೇಲೆ ಕೂರೋಕಾಗಲ್ಲ.

ಆದ್ರೆ ಯಾವ ಫಿನಿಶ್ ಹಾಕಿದ್ರೂ ಅದನ್ನ ಹಾಳು ಮಾಡೋದು ನಿಂತ ನೀರು, ಇದನ್ನ ಮೇಸ್ತ್ರಿಗೆ ಮೊದಲೇ ಹೇಳ್ಬೇಕು, ಸ್ಲ್ಯಾಬ್ ಕೂರಿಸಿದ ಮೇಲೆ ಹೇಳಿ ಪ್ರಯೋಜನ ಇಲ್ಲ. ಗೋಡೆ ಕಡೆಯಿಂದ ಮುಂದಕ್ಕೆ ಇಳಿಜಾರು ಕೊಡಿಸಿ, 45 ಸೆಂ.ಮೀ. ಅಗಲದ ಸೀಟಿಗೆ ಸುಮಾರು 1 ಸೆಂ.ಮೀ. ಇಳಿದ್ರೆ ಸಾಕು, ಕೂತಾಗ ಗೊತ್ತೂ ಆಗಲ್ಲ. ಸ್ಲ್ಯಾಬ್ ಮುಂದಕ್ಕೆ ಒಂದಿಂಚು ಚಾಚಿರ್ಲಿ, ಆ ಚಾಚಿದ ಭಾಗದ ಅಡಿಗೆ ಉದ್ದಕ್ಕೂ ಗ್ರೈಂಡರಲ್ಲಿ ಒಂದು ಗ್ರೂವ್ ಹೊಡೆಸಿ, ಆಗ ನೀರು ಕಲ್ಲಿನ ಅಡಿಯಲ್ಲೇ ಹಿಂದಕ್ಕೆ ಹರಿದು ಪೇಂಟ್ ಮೇಲೆ ಇಳಿಯೋ ಬದಲು ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತೆ. ಚಿಕ್ಕ ಕೆಲಸ, ಆದ್ರೆ ಪಕ್ಕದ ಬಣ್ಣ ಉಳಿಯೋದೇ ಇದರಿಂದ. ಇನ್ನು ಕಲ್ಲು ಗೋಡೆಗೆ ಸೇರೋ ಕಡೆ ಸಿಮೆಂಟ್ ತುಂಬಿಸ್ಬೇಡಿ, ಬಿಸಿಲಿಗೆ ಎರಡೂ ಬೇರೆಬೇರೆ ಥರ ಹಿಗ್ಗೋದ್ರಿಂದ ಅಲ್ಲಿ ಬಿರುಕು ಬಂದು ನೀರು ಒಳಗೆ ಇಳಿಯುತ್ತೆ, ಸಣ್ಣ ಗ್ಯಾಪ್ ಬಿಟ್ಟು ಪಿಯು ಸೀಲಂಟ್ (ರಬ್ಬರಿನ ಥರ ಹಿಗ್ಗಿ ಕುಗ್ಗೋ ಪಾಲಿಯುರಿಥೇನ್ ಪೇಸ್ಟ್) ತುಂಬಿಸಿ. ಬುಡದಲ್ಲಿ ಡಿಪಿಸಿನೂ (ನೆಲದ ತೇವ ತಡೆಯೋ ಪದರ) ಹಾಕಿಸಿ, ಇಲ್ಲಾಂದ್ರೆ ನೆಲದ ತೇವ ಮೇಲಕ್ಕೇರಿ ಪ್ಲಾಸ್ಟರ್ ಉಪ್ಪು ಬಿಡುತ್ತೆ.

ರೆಡ್ ಆಕ್ಸೈಡೇ ಬೇಕು ಅನ್ನೋದಾದ್ರೆ, ಅದರ ಬಣ್ಣ ಬಿಸಿಲಿಗೆ ಹೋಗಲ್ಲ, ಕಬ್ಬಿಣದ ಆಕ್ಸೈಡ್ ಅಲ್ವಾ, ಕೈಕೊಡೋದು ಸಿಮೆಂಟು, ಕೂದಲೆಳೆ ಬಿರುಕು ಬಿಡುತ್ತೆ. ಸುಡು ಬಿಸಿಲಲ್ಲಿ ಕೆಲಸ ಮಾಡಿಸ್ಬೇಡಿ, ಕನಿಷ್ಠ ಒಂದು ವಾರ ಒದ್ದೆಯಾಗೇ ಇಟ್ಟು ಕ್ಯೂರಿಂಗ್ ಮಾಡಿ, ಚೆನ್ನಾಗಿ ಒಣಗಿದ ಮೇಲೆ ಸಿಲೇನ್-ಸಿಲೋಕ್ಸೇನ್ ಸೀಲರ್ (ನೀರು ಹೀರದಂತೆ ತಡೆಯೋ ದ್ರವ) ಹಚ್ಚಿ. ಇದು ಮೇಲೆ ಪದರ ಕಟ್ಟದೆ ಒಳಗೆ ಇಳಿಯೋದ್ರಿಂದ ಸುಲಿಯೋ ಪ್ರಶ್ನೆ ಬರಲ್ಲ. ಸೂರಿದ್ದಿದ್ರೆ ನಾನೂ ಇದನ್ನೇ ಹೇಳ್ತಿದ್ದೆ, ನೋಡೋಕೆ ಅಷ್ಟು ಚೆಂದ.

ಪಕ್ಕದ ಪೇಂಟಿಗೆ ಆತುರ ಮಾಡ್ಬೇಡಿ, ಪ್ಲಾಸ್ಟರ್ ಆಗಿ 28 ದಿನ ಬಿಟ್ಟು ಪ್ರೈಮರ್ ಹೊಡೆಸಿ. ಆಯಿಲ್ ಪೇಂಟ್ ಬೇಡ, ಹೊಸ ಸಿಮೆಂಟಿನ ಕ್ಷಾರಕ್ಕೆ ಅದು ಮೆತ್ತಗಾಗಿ ಕಿತ್ಕೊಳ್ಳುತ್ತೆ. ಆಮೇಲೆ ಕ್ಲೀನ್ ಮಾಡೋವಾಗ ಸೋಪಿನ ನೀರು, ಬ್ರಷ್ ಅಷ್ಟೇ ಸಾಕು, ಆಸಿಡ್ ಹಾಕಿದ್ರೆ ಸಿಮೆಂಟ್ ಕರಗಿ ಜಾಯಿಂಟ್ ಬಾಯಿ ಬಿಡುತ್ತೆ.