ಓದುಗರ ಪ್ರಶ್ನೆಗೆ ಉತ್ತರ: ಕಂಡದ್ದನ್ನು ಬರೆದಿಟ್ಟವರು

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಕಪ್ಪು ಜನರ ಬರವಣಿಗೆ, ವರ್ಣಭೇದ ಎಂಬ ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿವೆ. ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಬಡಾವಣೆಯ ಓದುಗರ ಬಳಗ ಬರುವ ಫೆಬ್ರವರಿಯಲ್ಲಿ ಕಪ್ಪು ಜನಾಂಗದ ಲೇಖಕರನ್ನು ಕುರಿತು ಒಂದು ಸಂಜೆಯ ಕಾರ್ಯಕ್ರಮ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಇದಕ್ಕೆ ಫೆಬ್ರವರಿಯನ್ನೇ ಏಕೆ ಆರಿಸಿಕೊಂಡರು? ನಾವು ಯಾರಿಂದ ಆರಂಭಿಸಿದರೆ ಒಳ್ಳೆಯದು?
– ನಿವೃತ್ತ ಶಿಕ್ಷಕಿ, ರಾಜಾಜಿನಗರ

ಉತ್ತರ: ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ ಅವರು 1926ರಲ್ಲಿ ಫೆಬ್ರವರಿಯ ಒಂದು ವಾರವನ್ನು ಕಪ್ಪು ಜನರ ಚರಿತ್ರೆಯ ಅಧ್ಯಯನಕ್ಕೆಂದು ಗೊತ್ತುಮಾಡಿದರು. ಅಬ್ರಹಾಂ ಲಿಂಕನ್ ಹುಟ್ಟಿದ 12ನೆಯ ತಾರೀಖೂ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಲೇಖಕರಾದ ಫ್ರೆಡರಿಕ್ ಡಗ್ಲಸ್ ಅವರ ಹುಟ್ಟುಹಬ್ಬವೆಂದು ಜನ ಆಚರಿಸುತ್ತಿದ್ದ 14ನೆಯ ತಾರೀಖೂ ಆ ವಾರದಲ್ಲಿ ಬರುತ್ತಿದ್ದವು. 1976ರಲ್ಲಿ ಆ ವಾರ ತಿಂಗಳಾಗಿ ಬೆಳೆಯಿತು. ವುಡ್ಸನ್ ಅವರ ತಂದೆ ತಾಯಿ ಗುಲಾಮರಾಗಿದ್ದವರು; ವುಡ್ಸನ್ ಕಲ್ಲಿದ್ದಲ ಗಣಿಯಲ್ಲಿ ದುಡಿದು, ವಯಸ್ಸು ಮೀರಿದ ಮೇಲೆ ಓದಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದವರು.

ಡಗ್ಲಸ್ ಅವರ ಹುಟ್ಟುಹಬ್ಬವೆಂದು ಆಚರಿಸುತ್ತಿದ್ದರು ಎಂದು ಬೇಕೆಂದೇ ಬರೆದೆ, ಏಕೆಂದರೆ ತಾವು ಹುಟ್ಟಿದ ದಿನ ಯಾವುದೆಂದು ಅವರಿಗೇ ಗೊತ್ತಿರಲಿಲ್ಲ. ಗುಲಾಮರ ಮಕ್ಕಳಿಗೆ ವಯಸ್ಸು ಹೇಳುವ ಪದ್ಧತಿ ಇರಲಿಲ್ಲವೆಂದೂ, ಕುದುರೆಗೆ ತನ್ನ ವಯಸ್ಸು ಎಷ್ಟು ಗೊತ್ತೋ ಅವರಿಗೂ ಅಷ್ಟೇ ಗೊತ್ತೆಂದೂ ತಮ್ಮ ಆತ್ಮಕಥೆಯ ಮೊದಲ ಪುಟದಲ್ಲೇ ಹೇಳುತ್ತಾರೆ. ನಿಮ್ಮ ಸಂಜೆಯನ್ನು ಅವರಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಶಿಕ್ಷಕಿಯಾಗಿದ್ದ ನಿಮಗೆ ಅದರಲ್ಲಿ ಒಂದು ಭಾಗ ವಿಶೇಷವಾಗಿ ಹಿಡಿಸುತ್ತದೆ. ಬಾಲ್ಟಿಮೋರ್ ನಗರದ ಮನೆಯೊಡತಿ ಹುಡುಗನಿಗೆ ಅಕ್ಷರ ಕಲಿಸಲು ಶುರುಮಾಡುತ್ತಾಳೆ. ಅದು ತಿಳಿದ ಗಂಡ, ಓದು ಬಂದರೆ ಗುಲಾಮ ಕೆಲಸಕ್ಕೆ ಬಾರದವನಾಗುತ್ತಾನೆ ಎಂದು ತಡೆಯುತ್ತಾನೆ. ಬಿಡುಗಡೆಯ ದಾರಿ ಯಾವುದೆಂದು ಹುಡುಗನಿಗೆ ಹೊಳೆದದ್ದು ಆ ತಡೆಯುವ ಮಾತಿನಿಂದಲೇ. ಮುಂದೆ ಅವನು ಅಂಗಡಿಗೆ ಹೋಗುವಾಗಲೆಲ್ಲ ಮನೆಯಿಂದ ಬ್ರೆಡ್ಡಿನ ತುಂಡುಗಳನ್ನು ಜೇಬಿಗೆ ಹಾಕಿಕೊಂಡು, ಹಸಿದಿರುತ್ತಿದ್ದ ಬೀದಿಯ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಅವರಿಂದ ಪಾಠ ಹೇಳಿಸಿಕೊಳ್ಳುತ್ತಾನೆ. ಹಡಗು ಕಟ್ಟುವ ಅಂಗಳದಲ್ಲಿ ಯಾವ ಮರದ ತುಂಡು ಹಡಗಿನ ಯಾವ ಭಾಗಕ್ಕೆ ಎಂದು ಬಡಗಿಗಳು ಬರೆದಿರುತ್ತಿದ್ದ ಒಂದೆರಡು ಅಕ್ಷರಗಳನ್ನು ನೋಡಿ ಬರೆಯಲು ಕಲಿಯುತ್ತಾನೆ. 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋದ ಅವರು 1845ರಲ್ಲಿ ಆತ್ಮಕಥೆ ಪ್ರಕಟಿಸಿದಾಗ ಯಜಮಾನರ ಹೆಸರು, ಊರಿನ ಹೆಸರು ಯಾವುದನ್ನೂ ಮುಚ್ಚಿಡಲಿಲ್ಲ. ಅಂದಿನ ಕಾನೂನಿನ ಪ್ರಕಾರ ಅವರು ಇನ್ನೂ ಗುಲಾಮರೇ ಆಗಿದ್ದು, ಯಾರಾದರೂ ಹಿಡಿದು ಒಪ್ಪಿಸಬಹುದಾಗಿದ್ದರಿಂದ ಪುಸ್ತಕ ಬಂದ ಮೇಲೆ ಐರ್ಲೆಂಡ್, ಬ್ರಿಟನ್ನಿಗೆ ಹೋಗಿ ಇರಬೇಕಾಯಿತು. ಅಲ್ಲಿನ ಸ್ನೇಹಿತರು ಹಣ ಕೂಡಿಸಿ ಅವರ ಬಿಡುಗಡೆಯನ್ನು ಕೊಂಡುಕೊಟ್ಟರು.

ಎರಡನೆಯವರಾಗಿ ಐಡಾ ಬಿ. ವೆಲ್ಸ್ ಅವರನ್ನು ಬಿಡಬೇಡಿ. ಕಾದಂಬರಿಕಾರರ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ, ಅದು ನಮ್ಮ ಪಟ್ಟಿಗಳ ಕೊರತೆ ಎಂದೇ ನಾನು ತಿಳಿದಿದ್ದೇನೆ. 1862ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ, ಶಾಲಾ ಶಿಕ್ಷಕಿಯಾಗಿ, ಮೆಂಫಿಸ್ ನಗರದಲ್ಲಿ ಪತ್ರಿಕೆ ನಡೆಸುತ್ತಿದ್ದವರು ಅವರು. 1892ರ ಮಾರ್ಚ್‌ನಲ್ಲಿ ಅಲ್ಲಿ ಮೂವರು ಕಪ್ಪು ಜನರನ್ನು ಜೈಲಿನಿಂದ ಎಳೆದೊಯ್ದು ಕೊಂದರು. ಅವರು ದಿನಸಿ ಅಂಗಡಿ ನಡೆಸುತ್ತಿದ್ದರು. ಬಿಳಿಯನೊಬ್ಬನ ಅಂಗಡಿಯ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿದ್ದಿತ್ತು. ಕೊಲೆಯಾದವರಲ್ಲಿ ಒಬ್ಬರಾದ ಥಾಮಸ್ ಮಾಸ್ ವೆಲ್ಸ್ ಅವರ ಆಪ್ತ ಸ್ನೇಹಿತರು. ಹೆಣ್ಣಿನ ಮಾನದ ನೆಪ ಹೇಳಿ ಇಂಥ ಗುಂಪುಹತ್ಯೆಗಳನ್ನು ಸಮರ್ಥಿಸುತ್ತಿದ್ದ ಕಾಲದಲ್ಲಿ ವೆಲ್ಸ್ ಊರೂರು ತಿರುಗಿ, ಕೊಲೆಗಳ ಹಿಂದಿನ ನಿಜವನ್ನು ವಿಚಾರಿಸಿ ಬರೆದರು. ಮೇ ತಿಂಗಳಲ್ಲಿ ಅವರು ಊರಿನಲ್ಲಿಲ್ಲದಾಗ ಗುಂಪೊಂದು ಅವರ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಿತು. ಹಿಂತಿರುಗಿದರೆ ಕೊಲ್ಲುತ್ತೇವೆಂಬ ಬೆದರಿಕೆ ಬಂತು. ಅವರು ಉತ್ತರದಲ್ಲೇ ನೆಲೆಸಿ ಬರವಣಿಗೆ ಮುಂದುವರಿಸಿದರು. 1895ರಲ್ಲಿ ಹೊರತಂದ ದೊಡ್ಡ ವರದಿಗೆ ಅಂಕಿಅಂಶಗಳನ್ನು ಬಿಳಿಯರ ಪತ್ರಿಕೆಯಿಂದಲೇ ಆರಿಸಿಕೊಂಡರು, ಏಕೆಂದರೆ ಹಾಗೆ ಮಾಡಿದರೆ ಸುಳ್ಳೆಂದು ಯಾರೂ ತಳ್ಳಿಹಾಕುವಂತಿರಲಿಲ್ಲ. ಹೆಸರು, ಊರು, ತಾರೀಖು, ಹೊರಿಸಿದ ಆರೋಪ: ಪುಟದಿಂದ ಪುಟಕ್ಕೆ ಇವೇ. ಓದುತ್ತಾ ಹೋದಂತೆ ಕೈ ನಡುಗುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರ ಗುಂಪುಹತ್ಯೆಯ ವಿರುದ್ಧ ಪ್ರತ್ಯೇಕ ಕಾನೂನು ಮಾಡಿದ್ದು 2022ರಲ್ಲಿ. ವೆಲ್ಸ್ ಅವರಿಗೆ ಪುಲಿಟ್ಜರ್ ಗೌರವ ಸಂದದ್ದು, ಅವರು ತೀರಿಹೋಗಿ ಬಹುಕಾಲವಾದ ಮೇಲೆ, 2020ರಲ್ಲಿ.

ಆಫ್ರಿಕಾದಿಂದ ಒಬ್ಬರೇ ಸಾಕೆಂದರೆ, ಕನ್ನಡದ ಬಳಗಕ್ಕೆ ಕೀನ್ಯಾದ ಗೂಗಿ ವಾ ಥಿಯಾಂಗೊ ಹತ್ತಿರದವರು. ಬಾಲ್ಯದ ಶಾಲೆಯಲ್ಲಿ ತಾಯ್ನುಡಿ ಗಿಕುಯು ಮಾತನಾಡಿ ಸಿಕ್ಕಿಬಿದ್ದ ಮಕ್ಕಳ ಕೊರಳಿಗೆ, ನಾನು ಕತ್ತೆ ಎಂಬರ್ಥದ ಫಲಕ ನೇತುಹಾಕುತ್ತಿದ್ದುದನ್ನು ಅವರು ಬರೆದಿದ್ದಾರೆ. ಕನ್ನಡ ಮಾತನಾಡಿದ ಮಕ್ಕಳಿಂದ ದಂಡ ವಸೂಲಿ ಮಾಡುವ ಶಾಲೆಗಳನ್ನು ನೀವೂ ಕೇಳಿ ಬಲ್ಲಿರಿ. ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುತ್ತಿದ್ದಷ್ಟು ಕಾಲ ಅವರನ್ನು ಯಾರೂ ಸೆರೆಗೆ ಹಾಕಲಿಲ್ಲ. 1977ರಲ್ಲಿ ಹಳ್ಳಿಯ ರೈತರು, ಕೂಲಿಗಳೊಂದಿಗೆ ಸೇರಿ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದಾಗ ಮಾತ್ರ, ಆ ವರ್ಷದ ಕೊನೆಯ ದಿನ, ವಿಚಾರಣೆಯಿಲ್ಲದೆ ಬಂಧಿಸಿದರು. ಸೆರೆಮನೆಯ ಶೌಚದ ಕಾಗದದ ಮೇಲೆ ಅವರು ಗಿಕುಯುವಿನಲ್ಲಿ ಇಡೀ ಕಾದಂಬರಿಯನ್ನು ಬರೆದರು. ಕಾಗದ ಒರಟಾಗಿತ್ತು, ಕೈದಿಗಳ ಮೈಗೆ ಕಷ್ಟವಾದದ್ದು ಲೇಖನಿಗೆ ಅನುಕೂಲವಾಯಿತು ಎಂದು ಆಮೇಲೆ ನೆನೆದಿದ್ದಾರೆ.

ಪ್ರಶ್ನೆ: ನೀಗ್ರೋ, ಕರಿಯ, ಕಪ್ಪು ಜನ – ಬರೆಯುವಾಗ ಯಾವ ಪದ ಸರಿ? ಹಳೆಯ ಕನ್ನಡ ಪುಸ್ತಕಗಳಲ್ಲೆಲ್ಲ ನೀಗ್ರೋ ಎಂದೇ ಇದೆ.
– ಪದವಿಪೂರ್ವ ಕಾಲೇಜಿನ ಉಪನ್ಯಾಸಕ, ಯಲಹಂಕ

ಉತ್ತರ: ಕಪ್ಪು ಜನರ ಚಿಂತಕ ಡು ಬೋಯ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರೂ ತಮ್ಮ ಕಾಲದಲ್ಲಿ ನೀಗ್ರೋ ಎಂಬ ಪದವನ್ನೇ ಬಳಸಿದರು, 1960ರ ದಶಕದ ಕೊನೆಯ ಹೊತ್ತಿಗೆ ಆ ಜನರೇ ಅದನ್ನು ಕೈಬಿಟ್ಟರು. ಆದ್ದರಿಂದ ಹಳೆಯ ಬರಹವನ್ನು ಉಲ್ಲೇಖಿಸುವಾಗ ಇದ್ದಂತೆಯೇ ಇರಲಿ, ನಿಮ್ಮ ವಾಕ್ಯದಲ್ಲಿ ಬೇಡ. ಕರಿಯ ಎಂಬುದು ನಮ್ಮಲ್ಲಿ ಅಜ್ಜಂದಿರ ಹೆಸರು, ಮನೆದೇವರ ಹೆಸರು. ಅದನ್ನೇ ದಾರಿಯಲ್ಲಿ ಹೋಗುವವರ ಬೆನ್ನಿಗೆ ಕೂಗಿದರೆ ಬೈಗುಳ. ಕಪ್ಪು ಜನ, ಆಫ್ರಿಕನ್ ಅಮೆರಿಕನ್ನರು, ನೈಜೀರಿಯಾದವರು, ಕೀನ್ಯಾದವರು ಎಂದು ಸಂದರ್ಭಕ್ಕೆ ತಕ್ಕಂತೆ ಬರೆಯಿರಿ.

ಪ್ರಶ್ನೆ: ನಮ್ಮ ಊರಿನ ಹೋಟೆಲಿನಲ್ಲಿ ನಮ್ಮವರಿಗೆ ಲೋಟ ಬೇರೆ ಇಟ್ಟಿದ್ದನ್ನು ಕಂಡು ಬೆಳೆದವನು ನಾನು. ಇಲ್ಲಿಯ ಜಾತಿಯ ಬಗ್ಗೆ ಬಾಯಿ ಬಿಡದವರು ಅಮೆರಿಕದ ವರ್ಣಭೇದಕ್ಕೆ ಕಣ್ಣೀರು ಹಾಕುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ದೂರದವರ ನೋವು ನಮಗೇಕೆ?
– ಬ್ಯಾಂಕ್ ನೌಕರ, ವಿಜಯನಗರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಇಲ್ಲಿಯದನ್ನು ಮರೆಯಲೆಂದು ಅಲ್ಲಿಯದನ್ನು ಓದುವುದು ಓದೇ ಅಲ್ಲ. ಆದರೆ ಇಲ್ಲಿಯದನ್ನು ಎದುರಿಸಿದ ದೊಡ್ಡವರೇ ಅಲ್ಲಿಯದನ್ನು ಆಸ್ಥೆಯಿಂದ ಓದಿದರು ಎಂಬುದನ್ನು ನಿಮ್ಮ ಮುಂದಿಡುತ್ತೇನೆ. ಜೋತಿಬಾ ಫುಲೆ ಅವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಲು ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿ, ಶೂದ್ರರ ಬಿಡುಗಡೆಗೆ ನಮ್ಮವರೂ ಅದೇ ಮೇಲ್ಪಂಕ್ತಿಯನ್ನು ಅನುಸರಿಸಲಿ ಎಂದು ಆಶಿಸಿದರು. 1946ರಲ್ಲಿ ಅಮೆರಿಕದ ಕಪ್ಪು ಜನರ ಸಂಘಟನೆಯೊಂದು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ ಸುದ್ದಿ ಓದಿದ ಬಾಬಾಸಾಹೇಬ್ ಅಂಬೇಡ್ಕರ್ ಅವರು, ಅಸ್ಪೃಶ್ಯರೂ ಅಂಥದೇ ಹೆಜ್ಜೆ ಇಡುವ ಯೋಚನೆಯಲ್ಲಿದ್ದುದರಿಂದ ಅದರ ಪ್ರತಿ ಬೇಕೆಂದು ಡಬ್ಲ್ಯೂ.ಇ.ಬಿ. ಡು ಬೋಯ್ಸ್ ಅವರಿಗೆ ಪತ್ರ ಬರೆದರು. ನಿಮ್ಮ ಹೆಸರನ್ನೂ ಕೆಲಸವನ್ನೂ ಬಲ್ಲೆ, ಭಾರತದ ಅಸ್ಪೃಶ್ಯರ ಬಗ್ಗೆ ನನಗೆ ಪೂರ್ಣ ಸಹಾನುಭೂತಿಯಿದೆ ಎಂಬರ್ಥದಲ್ಲಿ ಡು ಬೋಯ್ಸ್ ಆ ವರ್ಷದ ಜುಲೈನಲ್ಲಿ ಉತ್ತರಿಸಿದರು. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಹುಟ್ಟಿದ, ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರೇ 1972ರಲ್ಲಿ ಮುಂಬೈಯ ದಲಿತ ಯುವಕರ ಸಂಘಟನೆ ದಲಿತ ಪ್ಯಾಂಥರ್‌ಗೆ ಬಂತು. ನಮ್ಮಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಸಚಿವ ಬಸವಲಿಂಗಪ್ಪನವರು ಆಡಿದ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣ, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ – ಈ ಸಾಲೂ ಅದೇ ದಶಕದ್ದು.

ಇನ್ನೊಂದು ಮಾತು. ಹಲವು ವರ್ಷಗಳ ಹಿಂದೆ ನಾನು ಬಾಣಸವಾಡಿಯ ಕಡೆ ಬಾಡಿಗೆ ಮನೆಯಲ್ಲಿದ್ದೆ. ಎದುರು ಕಟ್ಟಡಕ್ಕೆ ಟು-ಲೆಟ್ ಬೋರ್ಡ್ ತೂಗುಹಾಕಿದ್ದರು. ಒಂದು ಬೆಳಿಗ್ಗೆ ಆಫ್ರಿಕಾದ ವಿದ್ಯಾರ್ಥಿಯೊಬ್ಬ ಬಂದು ಕೇಳಿದಾಗ, ಮನೆ ಆಗಲೇ ಹೋಯಿತು ಎಂದರು. ಬೋರ್ಡ್ ಅಲ್ಲೇ ಇತ್ತು. ಸಂಜೆ ಬಂದ ಚಾಮರಾಜನಗರದ ಯುವದಂಪತಿಯನ್ನು ಗೇಟಿನೊಳಗೆ ಕರೆದು, ನೀರು ಕೊಟ್ಟು, ನೀವು ಯಾವ ಪೈಕಿ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಅವರಿಗೂ ಮನೆ ಹೋಗಿಬಿಟ್ಟಿತು. ಒಂದೇ ಗೇಟು, ಒಂದೇ ದಿನ. ಆ ಬೋರ್ಡಿನ ಕೆಳಗೆ ನಿಂತಿದ್ದ ಆ ಮೂವರನ್ನೂ ನೆನೆದಾಗ ನೋವನ್ನು ದೂರದ್ದು, ಹತ್ತಿರದ್ದು ಎಂದು ಪಾಲು ಮಾಡಲು ನನ್ನಿಂದ ಆಗುವುದಿಲ್ಲ. ನಾನು ಅಂದು ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಕಂಡು ಸುಮ್ಮನಿದ್ದೆ. ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಪ್ರಶ್ನೆ: ನಾನು ಇಂಗ್ಲಿಷ್ ಐಚ್ಛಿಕ ಓದುತ್ತಿದ್ದೇನೆ. ತರಗತಿಯಲ್ಲಿ ಜೇಮ್ಸ್ ಬಾಲ್ಡ್ವಿನ್ ಅವರ ಪ್ರಬಂಧ ಇದೆ. ಕಳೆದ ವಾರ ಬಸ್ ಸ್ಟಾಪಿನಲ್ಲಿ ನಾಲ್ಕು ಹುಡುಗರು ಆಫ್ರಿಕಾದ ವಿದ್ಯಾರ್ಥಿನಿಯೊಬ್ಬಳ ಜಡೆ ಮುಟ್ಟಿ ನಗುತ್ತಾ, ಅವಳು ಬೇಡವೆಂದರೂ ಸೆಲ್ಫಿ ತೆಗೆದುಕೊಂಡರು. ಹತ್ತಾರು ಜನರಿದ್ದೆವು, ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಹೇಳಿದರೆ ಅಮ್ಮ, "ಊರ ಉಸಾಬರಿ ನಮಗ್ಯಾಕೆ, ಸುಮ್ಮನೆ ಬಂದದ್ದೇ ಒಳ್ಳೆಯದಾಯಿತು" ಎಂದರು. ನನಗೆ ನಿದ್ದೆ ಬರುತ್ತಿಲ್ಲ. ನಾನು ಏನು ಮಾಡಬೇಕಿತ್ತು? ಈಗ ಏನಾದರೂ ಮಾಡಬಹುದೇ?
– ಪದವಿ ವಿದ್ಯಾರ್ಥಿನಿ, ಕೊತ್ತನೂರು

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ಬಾಲ್ಡ್ವಿನ್ ಅವರು 1950ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಪರ್ವತದ ಹಳ್ಳಿಯೊಂದರಲ್ಲಿ ಇದ್ದಾಗಿನ ಅನುಭವವನ್ನು ಬರೆದಿದ್ದಾರೆ, ನಿಮ್ಮ ಪಾಠ ಅದೇ ಇರಬಹುದು. ಅಲ್ಲಿಯವರು ಅದುವರೆಗೆ ಕಪ್ಪು ಮನುಷ್ಯನನ್ನು ಕಂಡಿರಲಿಲ್ಲ. ಬೀದಿಯಲ್ಲಿ ಮಕ್ಕಳು ಅವರ ಬಣ್ಣದ ಹೆಸರು ಹಿಡಿದು ಕೂಗುತ್ತಿದ್ದರು. ಕೆಲವರು ಕರೆಂಟು ಹೊಡೆದೀತೋ ಎಂಬಂತೆ ಬೆರಳಿನ ತುದಿಯಿಂದ ಅವರ ಕೂದಲು ಮುಟ್ಟಿ ನೋಡುತ್ತಿದ್ದರು, ಬಣ್ಣ ಅಂಟುತ್ತದೆಯೇ ಎಂದು ಕೈ ಉಜ್ಜಿ ನೋಡುತ್ತಿದ್ದರು. ಇದರಲ್ಲಿ ಬೇಕೆಂದೇ ನೋಯಿಸುವ ಉದ್ದೇಶವಿರಲಿಲ್ಲ, ಆದರೆ ನಾನೊಬ್ಬ ಮನುಷ್ಯ ಎಂಬ ಎಣಿಕೆಯೂ ಇರಲಿಲ್ಲ, ನಾನು ಬರೀ ನೋಡುವ ಸೋಜಿಗವಾಗಿದ್ದೆ ಎಂದು ಅವರು ಹೇಳುತ್ತಾರೆ. ಆ ಹಳ್ಳಿಗರಿಗಿದ್ದ ರಿಯಾಯಿತಿ ಬಸ್ ಸ್ಟಾಪಿನ ಹುಡುಗರಿಗೆ ಇಲ್ಲ. ಆಕೆ ಬೇಡವೆಂದು ಬಾಯಿಬಿಟ್ಟು ಹೇಳಿದ ಮೇಲೆ ಅದು ಕುತೂಹಲವಾಗಿ ಉಳಿಯಲಿಲ್ಲ, ಕಿರುಕುಳವಾಯಿತು.

ಈ ನಗರದಲ್ಲಿ ಮಾತು ಮೀರಿದಾಗ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಕಡೆ, ಸುಡಾನಿನ ವಿದ್ಯಾರ್ಥಿಯೊಬ್ಬ ಚಲಾಯಿಸುತ್ತಿದ್ದ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡಾಗ, ಸ್ವಲ್ಪ ಹೊತ್ತಿನ ಬಳಿಕ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಬಣ್ಣವೊಂದೇ ಸಾಕಾಗಿತ್ತು.

ನೀವು ಏನು ಮಾಡಬೇಕಿತ್ತು ಎಂಬುದಕ್ಕೆ ಹೀಗೆ ಹೇಳುತ್ತೇನೆ. ನಾಲ್ವರ ಎದುರು ಒಬ್ಬರೇ ಜಗಳಕ್ಕೆ ನಿಲ್ಲಬೇಕಾಗಿರಲಿಲ್ಲ. ಆಕೆಯ ಪಕ್ಕಕ್ಕೆ ಹೋಗಿ ನಿಂತು, ಪರಿಚಯದವರಂತೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ್ದರೂ ಹುಡುಗರ ಸುತ್ತು ಒಡೆಯುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ನೋಡಿ, "ಅಣ್ಣಾ, ಸ್ವಲ್ಪ ಬನ್ನಿ" ಎಂದು ಕರೆದಿದ್ದರೆ ಅವರು ಬಹುಶಃ ಬರುತ್ತಿದ್ದರು. ಗುಂಪಿನಲ್ಲಿ ಎಲ್ಲರೂ ಇನ್ನೊಬ್ಬರು ಹೋಗಲಿ ಎಂದು ಕಾಯುತ್ತಾರೆ, ಒಬ್ಬರನ್ನೇ ಗುರುತಿಸಿ ಕರೆದರೆ ಸುಮ್ಮನಿರುವುದು ಕಷ್ಟ. ಕೈಮೀರಿದರೆ 112ಕ್ಕೆ ಫೋನ್. ಅಮ್ಮನ ಮೇಲೆ ಬೇಸರ ಬೇಡ. ಅವರದು ನಿಮ್ಮ ಮೇಲಿನ ಭಯ. ಬಾಲ್ಡ್ವಿನ್ ಪಾಠವನ್ನು ಕನ್ನಡದಲ್ಲಿ ಅವರಿಗೆ ಹೇಳಿ ನೋಡಿ.

ಈಗ ಮಾಡಬಹುದಾದ್ದೂ ಇದೆ. ಕಂಡದ್ದನ್ನು ಇಂದೇ ಬರೆದಿಡಿ: ದಿನ, ಹೊತ್ತು, ಸ್ಟಾಪು, ಹುಡುಗರು ಆಡಿದ ಮಾತು, ಆಕೆ ಕೊಟ್ಟ ಉತ್ತರ, ಎಷ್ಟು ಜನ ನಿಂತಿದ್ದರು ಎಂಬುದು, ನೀವು ಸುಮ್ಮನಿದ್ದದ್ದು ಸಹ. ವಿಶೇಷಣ ಬೇಡ. ವೆಲ್ಸ್ ಅವರ ವರದಿಗಳ ಬಲವೆಲ್ಲ ಅಂಥ ಬರವಣಿಗೆಯಲ್ಲಿದೆ. ಆಕೆ ಎಂದಾದರೂ ದೂರು ಕೊಡಲು ಬಯಸಿದರೆ ಆ ಪುಟ ಸಾಕ್ಷಿಯಾಗುತ್ತದೆ. ಆಕೆಯನ್ನು ಕೇಳದೆ ಅದನ್ನು ವಾಟ್ಸಾಪಿಗೆ ಮಾತ್ರ ಹಾಕಬೇಡಿ. ಅದೇ ಸ್ಟಾಪಿನಲ್ಲಿ ಮತ್ತೆ ಸಿಕ್ಕರೆ, ಅಂದು ನಾನೂ ಇಲ್ಲೇ ಇದ್ದೆ, ಮಾತಾಡಬೇಕಿತ್ತು ಎಂದು ಹೇಳಿ. ಆಕೆ ಮುಖ ತಿರುಗಿಸಿಕೊಂಡರೆ ಅದು ಆಕೆಯ ಹಕ್ಕು. ಮಾತಿಗೆ ನಿಂತರೆ ನಿಮ್ಮ ಹೆಸರು ಹೇಳಿ, ಆಕೆಯ ಹೆಸರು ಕೇಳಿ. ಉಚ್ಚಾರಣೆ ಸರಿ ಬಾರದಿದ್ದರೆ ಇನ್ನೊಮ್ಮೆ ಹೇಳಿಸಿಕೊಳ್ಳಿ. ಏನಾಯಿತೆಂದು ನನಗೂ ಬರೆಯಿರಿ.