ಗರ್ಭಕೋಶ ಜಾರಿದ್ದರೆ ಆಪರೇಷನ್ ಮಾಡಿಸಲೇಬೇಕಾ?

ಅಮ್ಮನಿಗೆ 58 ವರ್ಷ, ಗರ್ಭಕೋಶ ಎರಡನೇ ಹಂತಕ್ಕೆ (ಯೋನಿಯ ಬಾಯಿ ಹತ್ತಿರದವರೆಗೆ) ಜಾರಿದೆ, ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನನಗೂ ಅದೇ ಹಂತ.

ಉಡುಪಿ ಹತ್ತಿರದ ಹಳ್ಳಿ ನಮ್ಮದು. ಮೂರು ಹೆರಿಗೆ, ಬಾವಿ ನೀರು ಸೇದುವುದು, ದನಕ್ಕೆ ಹುಲ್ಲಿನ ಹೊರೆ. ಸಂಜೆಯಾದರೆ ಕೆಳಗೆ ಏನೋ ಇಳಿದು ಬಂದ ಹಾಗೆ ಆಗುತ್ತಿತ್ತು. ಎರಡು ವರ್ಷ ಯಾರಿಗೂ ಹೇಳಲಿಲ್ಲ. ನಾಚಿಕೆ, ಇನ್ನೇನು.

ಮೊದಲು ತೋರಿಸಿದ ಕಡೆ "ತೆಗೆಸಿಬಿಡಿ" ಅಂದರು, ಅಷ್ಟೇ. ಆಮೇಲೆ ಮಣಿಪಾಲಕ್ಕೆ ಹೋದೆ. "ಇದರಿಂದ ನಿಮಗೆ ಕಷ್ಟ ಏನು?" ಅಂತ ಅಲ್ಲಿ ಕೇಳಿದರು. ಮೂತ್ರ ಸರಿಯಾಗಿ ಹೋಗುತ್ತಿದೆ, ಹುಣ್ಣಾಗಿಲ್ಲ ಅಂದರೆ ಅವಸರವಿಲ್ಲವಂತೆ.

ಕೆಗೆಲ್ ವ್ಯಾಯಾಮ ಹೇಳಿಕೊಟ್ಟರು. ದಿನಕ್ಕೆ ಮೂರು ಸಲ, ಪ್ರತಿ ಸಲ 8–10 ಬಾರಿ, ಕನಿಷ್ಠ ಮೂರು ತಿಂಗಳು. ಹಿಂದಿನಿಂದ ಗಾಳಿ ಹೋಗದ ಹಾಗೆ ತಡೆಯುತ್ತೇವಲ್ಲ, ಹಾಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ ಎಳೆದು ಮೇಲೆತ್ತಬೇಕು. ನಾನು ಮೊಬೈಲ್ ನೋಡಿ ಮೊದಲೇ ಶುರು ಮಾಡಿದ್ದೆ, ಆದರೆ ಎತ್ತುವ ಬದಲು ತಿಣುಕುತ್ತಿದ್ದೆ! ಅದರಿಂದ ಇನ್ನೂ ಕೆಳಗೆ ಬರುತ್ತದೆ ಅಲ್ವಾ. ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಹೇಳಿದ ಮೇಲೇ ಗೊತ್ತಾಯಿತು. ಪೂರ್ತಿ ಹೊರಗೆ ಬಂದದ್ದನ್ನು ಈ ವ್ಯಾಯಾಮ ಒಳಗೆ ಕಳಿಸುವುದಿಲ್ಲ, ಅದು ನೆನಪಿರಲಿ. ಮಲಬದ್ಧತೆ, ಹಳೇ ಕೆಮ್ಮು ಇದ್ದರೆ ಅದಕ್ಕೂ ಮದ್ದು ಮಾಡಿಸಿ.

ನನಗೆ ಜಾಸ್ತಿ ಆರಾಮ ಕೊಟ್ಟದ್ದು ಪೆಸರಿ. ಸಿಲಿಕಾನ್ ಉಂಗುರ, ಒಳಗಿಟ್ಟರೆ ಗರ್ಭಕೋಶವನ್ನು ಎತ್ತಿ ಹಿಡಿಯುತ್ತದೆ. ಮೊದಲನೇ ಸೈಜು ಟಾಯ್ಲೆಟ್‌ನಲ್ಲಿ ಕೂತಾಗ ಜಾರಿ ಬಿತ್ತು. ಎರಡನೆಯದು ಸರಿ ಕೂತಿತು. ನಾನೇ ತೆಗೆದು ತೊಳೆದು ಹಾಕಿಕೊಳ್ಳುತ್ತೇನೆ. ಯೋನಿ ಒಣಗದಿರಲಿ ಅಂತ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟಿದ್ದಾರೆ. ತಾವೇ ತೆಗೆಯಲಾಗದವರು ಕೆಲವು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗಬೇಕು.

ಆಪರೇಷನ್ ಕೆಟ್ಟದ್ದು ಅಂತಲ್ಲ. ನನ್ನ ಅತ್ತಿಗೆಗೆ ಪೂರ್ತಿ ಹೊರಗೆ ಬಂದಿತ್ತು, ಕೆಳಗಿನಿಂದಲೇ ತೆಗೆದು ಯೋನಿಯ ಸಡಿಲವಾದ ಗೋಡೆ ಹೊಲಿದರು. ಈಗ ಆರಾಮ. ಆದರೆ ಕೆಲವರಿಗೆ ಮತ್ತೆ ಜಾರುತ್ತದೆ. ಇನ್ನು ಕೆಲವರಿಗೆ ಮೊದಲು ಇಲ್ಲದ ಮೂತ್ರ ಸೋರಿಕೆ ಆಮೇಲೆ ಶುರುವಾಗುತ್ತದೆ. ಮಡಚಿಕೊಂಡಿದ್ದ ಮೂತ್ರನಾಳ ನೇರವಾಗುತ್ತದಲ್ಲ, ಅದಕ್ಕೆ. ಗರ್ಭಕೋಶ ಉಳಿಸಿಕೊಂಡೇ ಎತ್ತಿ ಕಟ್ಟುವ ವಿಧಾನಗಳೂ ಇವೆ, ಕೇಳಿ. ಮೆಶ್ (ಆಧಾರಕ್ಕೆ ಒಳಗಿಡುವ ಬಲೆ) ಹಾಕುತ್ತೇವೆ ಅಂತ ಹೇಳಿದರೆ, ಯಾವ ದಾರಿಯಲ್ಲಿ ಅಂತ ಕೇಳಿ. ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ಮೆಶ್ ಮಾರಾಟವನ್ನು ಅಮೆರಿಕದಲ್ಲಿ 2019ರಲ್ಲೇ ನಿಲ್ಲಿಸಿದ್ದಾರೆ.

ಎರಡು ವಿಷಯದಲ್ಲಿ ಮಾತ್ರ ಕಾಯಬೇಡಿ. ಮುಟ್ಟು ನಿಂತ ಮೇಲೂ ರಕ್ತ ಕಂಡಿದ್ದರೆ, ಇಲ್ಲವೇ ಮೂತ್ರ ಕಟ್ಟಿಕೊಂಡರೆ, ಕೂಡಲೇ ಕರೆದುಕೊಂಡು ಹೋಗಿ.