ಪೋಲೆಂಡಿನ ಎಟಿಎಂ ಮುಂದೆ ರೂಪಾಯಿ ಮೋಹ ಬೇಡ

ಪ್ರಶ್ನೆ: ಮುಂದಿನ ತಿಂಗಳು ಕ್ರಾಕೋವ್‌ಗೆ ಹೊರಟಿದ್ದೇವೆ. ಅಲ್ಲಿನ ಎಟಿಎಂಗಳು ರೂಪಾಯಿಯಲ್ಲೇ ಲೆಕ್ಕ ತೋರಿಸುತ್ತವಂತೆ. ಅದನ್ನೇ ಒಪ್ಪಿಕೊಳ್ಳುವುದು ಲಾಭವಲ್ಲವೇ? ಯೂರೋ ತುಂಬಿಸಿದ ಫಾರೆಕ್ಸ್ ಕಾರ್ಡ್ ಸಾಕೇ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ತಪ್ಪುವುದಿಲ್ಲ. ಒಪ್ಪಬೇಡಿ. ಅಲ್ಲಿ ಕಾಣುವ ದರವನ್ನು ನಿಗದಿ ಮಾಡುವುದು ನಿಮ್ಮ ಬ್ಯಾಂಕಲ್ಲ, ಎಟಿಎಂ ನಡೆಸುವ ಕಂಪನಿ. ಅದರಲ್ಲಿ ಶೇ 10ಕ್ಕೂ ಹೆಚ್ಚು ನಷ್ಟವಾಗುವುದುಂಟು. ಸಾಲದ್ದಕ್ಕೆ, ವಿದೇಶದಲ್ಲಿ ರೂಪಾಯಿಯಲ್ಲಿ ಪಾವತಿಸಿದರೂ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಪರದೆಯ ಮೇಲೆ ‘ಪರಿವರ್ತನೆಗೆ ಒಪ್ಪಿಗೆ’, ‘ಒಪ್ಪಿಗೆ ಇಲ್ಲ’ ಎಂಬ ಎರಡು ಗುಂಡಿಗಳು ಬರುತ್ತವೆ. ಎರಡನೆಯದನ್ನು ಒತ್ತಿದರೆ ಹಣವೇ ಬಾರದೆಂದು ನಮ್ಮವರಿಗೆ ಭಯ. ಬರುತ್ತದೆ, ಲೆಕ್ಕ ಪೋಲೆಂಡಿನ ನಾಣ್ಯವಾದ ಝ್ಲೋಟಿಯಲ್ಲಿ ಆಗುತ್ತದೆ, ಅಷ್ಟೇ. ಅಂಗಡಿಯ ಕಾರ್ಡ್ ಯಂತ್ರ ಕೇಳಿದಾಗಲೂ ಝ್ಲೋಟಿಯನ್ನೇ ಆರಿಸಿ.

ಇನ್ನು ಯೂರೋ ಕಾರ್ಡ್. ಪೋಲೆಂಡ್ 2004ರಲ್ಲೇ ಐರೋಪ್ಯ ಒಕ್ಕೂಟ ಸೇರಿದರೂ ಯೂರೋ ಬಳಸುವುದಿಲ್ಲ. ರೂಪಾಯಿಯಿಂದ ಯೂರೋಗೆ ಒಮ್ಮೆ, ಯೂರೋದಿಂದ ಝ್ಲೋಟಿಗೆ ಇನ್ನೊಮ್ಮೆ ಕೈಕಚ್ಚುತ್ತದೆ. ವಿದೇಶಿ ಶುಲ್ಕವಿಲ್ಲದ ಕಾರ್ಡ್ ಇದ್ದರೆ ಅದನ್ನೇ ಒಯ್ಯಿರಿ. ಜೊತೆಗೆ ಸ್ವಲ್ಪ ಯೂರೋ ನೋಟು ಇರಲಿ; ‘ಕಾಂಟೋರ್’ ಎಂಬ ಫಲಕವಿರುವ ಅಂಗಡಿಯಲ್ಲಿ ಬದಲಿಸಿಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಬೇಡ. ‘ಕಮಿಷನ್ ಶೂನ್ಯ’ ಎಂಬ ಬರಹ ನೋಡಿ ಮರುಳಾಗಬೇಡಿ, ಅವರ ಲಾಭ ದರದಲ್ಲೇ ಅಡಗಿರುತ್ತದೆ. ‘ಸ್ಕುಪ್’ ಎಂಬ ಕಾಲಮ್ಮು ಅವರು ನಿಮ್ಮಿಂದ ಕೊಳ್ಳುವ ದರ, ‘ಸ್ಪ್ಶೆದಾಶ್’ ಎಂಬುದು ಅವರು ಮಾರುವ ದರ. ಎರಡರ ನಡುವೆ ಕಂದಕವಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಪ್ರಶ್ನೆ: ಊಟದ ಖರ್ಚು ಉಳಿಸಲು ತುಪ್ಪ, ಧಾರವಾಡ ಪೇಡ ಒಯ್ಯಬಹುದೇ?

ಉತ್ತರ: ಇಲ್ಲ. ಪ್ರಯಾಣಿಕರು ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ‘ಬಾರ್ ಮ್ಲೆಚ್ನಿ’ ಎಂಬ ಅಗ್ಗದ ಕ್ಯಾಂಟೀನಿಗೆ ಹೋಗಿ, ಆಲೂಗಡ್ಡೆ, ಚೀಸ್ ತುಂಬಿದ ‘ಪಿಯೆರೋಗಿ ರುಸ್ಕಿಯೆ’ ಎಂಬ ಕಡುಬು ಕೇಳಿ. ಸಸ್ಯಾಹಾರಿಗಳಾದರೆ ‘ಬೆಸ್ ಸ್ಕ್ವಾರೆಕ್’ ಎನ್ನಲೇಬೇಕು. ಇಲ್ಲದಿದ್ದರೆ ಮೇಲೆ ಹುರಿದ ಹಂದಿಕೊಬ್ಬು ಉದುರಿಸಿಯೇ ಕೊಟ್ಟಾರು.

ಪ್ರಶ್ನೆ: ಏಜೆಂಟರೊಬ್ಬರು ನಕಲಿ ಹೋಟೆಲ್ ಬುಕಿಂಗ್ ತೋರಿಸಿ ‘ಖಚಿತ ವೀಸಾ’ ಕೊಡಿಸುತ್ತಾರಂತೆ?

ಉತ್ತರ: ವೀಸಾ ಕೊಡುವುದು ದೂತಾವಾಸ, ಏಜೆಂಟರಲ್ಲ. ಸಿಕ್ಕಿಬಿದ್ದರೆ ತಿರಸ್ಕಾರದ ದಾಖಲೆ ನಿಮ್ಮ ಹೆಸರಿಗೆ, ಅವರ ಹೆಸರಿಗಲ್ಲ. 90 ಯೂರೋ ಶುಲ್ಕವೂ ಹಿಂತಿರುಗುವುದಿಲ್ಲ.

ಪ್ರಶ್ನೆ: ಟ್ರಾಮ್‌ನಲ್ಲಿ ಕಾಗದದ ಟಿಕೆಟನ್ನು ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕೇ?

ಉತ್ತರ: ಹತ್ತಿದ ಕೂಡಲೇ. ತಪಾಸಕರು ಸಾದಾ ಬಟ್ಟೆಯಲ್ಲಿರುತ್ತಾರೆ.